ಹಿಂದುಳಿದ ದೇಶಗಳ ಪಟ್ಟಿಯೂ ಅದರಿಂದ ಬಿಡುಗಡೆಯೂ

ಕಳೆದ ವರುಷ ನಾವು ಹತ್ತನೆಯ ತರಗತಿಯ ಹುಡುಗಿಯರನ್ನು ಹಂಪಿ ಬಜಾರಿಗೆ ಕರೆದುಕೊಂಡು ಹೋಗಿ, ವಿರೂಪಾಕ್ಷ ದೇವಾಲಯದ ಮುಂದಣ ಕಲ್ಲುಮಂಟಪಗಳ ನೆರಳಿನಲ್ಲಿ ಕುಳ್ಳಿರಿಸಿ ಭೂಗೋಳದ ಪಾಠವೊಂದನ್ನು ಹೇಳಿದೆವು. ಪರದೇಶಗಳ ವರ್ತಕರು ನಡೆದಾಡಿದ ಬೀದಿಯಲ್ಲಿ ದೇಶಗಳ ಸಿರಿತನ ಬಡತನಗಳನ್ನು ಕುರಿತು ಮಾತಾಡುವದು ತಕ್ಕದ್ದೆಂದು ತೋರಿತು. ಅದನ್ನೇ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತೇವೆ.

ವಿಶ್ವಸಂಸ್ಥೆಯು 1971ರಲ್ಲಿ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯೊಂದನ್ನು ಮಾಡಿತು. ನಮ್ಮ ದೇಶವು ಅದರಲ್ಲಿ ಎಂದೂ ಸೇರಿರಲಿಲ್ಲ. ನೇಪಾಳ ಭೂತಾನಗಳು ಮೊದಲೇ ಸೇರಿದ್ದವು, ಬಾಂಗ್ಲಾದೇಶವು 1975ರಲ್ಲಿ ಸೇರಿತು. ಪಟ್ಟಿಯಲ್ಲಿರುವ ದೇಶಗಳ ಸರಕಿಗೆ ಅನೇಕ ರಾಜ್ಯಗಳು ಸುಂಕವನ್ನು ಬಿಡುತ್ತವೆ. ಭಾರತವೂ 2008ರಲ್ಲಿ ಇಂಥ ರಿಯಾಯಿತಿಯನ್ನು ಆರಂಭಿಸಿತು. ಮೂರು ವರುಷಗಳಿಗೊಮ್ಮೆ ಪರೀಕ್ಷೆ ನಡೆಯುತ್ತದೆ. ತಲಾ ಆದಾಯವೆಷ್ಟು, ಜನರ ಆರೋಗ್ಯ ವಿದ್ಯೆಗಳು ಹೇಗಿವೆ, ಆಪತ್ತು ಬಂದರೆ ತಾಳುವ ಶಕ್ತಿ ಉಂಟೋ ಎಂಬ ಮೂರರಲ್ಲಿ ಎರಡನ್ನು ಎರಡು ಸಾರಿ ಒಂದರ ಹಿಂದೊಂದು ದಾಟಿದ ದೇಶವು ಸಾಮಾನ್ಯವಾಗಿ ಬಿಡುಗಡೆಗೆ ಅರ್ಹವಾಗುತ್ತದೆ. ಹುಡುಗರಿಗೆ ಸಮನಾಗಿ ಹುಡುಗಿಯರೂ ಮಾಧ್ಯಮಿಕ ಶಾಲೆಯ ಮೊದಲ ಘಟ್ಟವನ್ನು ಮುಗಿಸಿದರೋ ಎಂಬದು ಸಹ ಈ ಲೆಕ್ಕದಲ್ಲಿ ಬರುತ್ತದೆಂದು ಹೇಳಿದಾಗ ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಕ್ಕರು.

ಬಡವರೆಂಬ ಹೆಸರು ಹೋಯಿತಲ್ಲಾ, ಇನ್ನು ಸಹಾಯವೇಕೆಂದು ಒಬ್ಬಳು ಕೇಳಿದಳು. ಮಾಲ್ಡೀವ್ಸ್ ದ್ವೀಪಗಳ ಸಂಗತಿಯನ್ನು ಹೇಳಿದೆವು. ಆ ದೇಶಕ್ಕೆ ಬಿಡುಗಡೆಯೆಂದು ಮಹಾಸಭೆಯು ನಿರ್ಣಯಿಸಿದ್ದು 2004ರ ಡಿಸೆಂಬರ್ 20ರಂದು. ಆರನೆಯ ದಿನ ಸಮುದ್ರವೇ ಎದ್ದು ಬಂದು ಸುನಾಮಿಯು ದ್ವೀಪಗಳನ್ನು ಹಾಳುಮಾಡಿತು. ಆದಕಾರಣ ಬಿಡುಗಡೆಯನ್ನು 2011ಕ್ಕೆ ಮುಂದೂಡಿದರು. ಚಂಡಮಾರುತಕ್ಕೆ ಸಿಕ್ಕಿದ ವನುವಾಟುವಿಗೂ ಹೀಗೆಯೇ ಅವಧಿ ದೊರೆತು, ಅದು 2020ರಲ್ಲಿ ಹೊರಬಂತು. ಸಹಾಯವು ಥಟ್ಟನೆ ನಿಲ್ಲದೆ ಮೆಲ್ಲಮೆಲ್ಲನೆ ಇಳಿಯಬೇಕೆಂಬ ಕ್ರಮವನ್ನು ಸಭೆಯು ಅದೇ 2004ರಲ್ಲಿ ಒಪ್ಪಿತ್ತು. ಯುರೋಪಿನ ಒಕ್ಕೂಟವು ಬಿಡುಗಡೆಯಾದ ಮೇಲೆಯೂ ಮೂರು ವರುಷ ಸುಂಕದ ರಿಯಾಯಿತಿಯನ್ನು ನಡಿಸುತ್ತದೆ. ಭೂತಾನವು 2023ರ ಡಿಸೆಂಬರ್ 13ರಂದು ಹೊರಬಂತು. ಬಾಂಗ್ಲಾದೇಶ, ನೇಪಾಳ, ಲಾವೋಸ್‌ಗಳಿಗೆ ಕೋವಿಡ್ ವ್ಯಾಧಿಯ ನಿಮಿತ್ತ ಮೂರಕ್ಕೆ ಬದಲು ಐದು ವರುಷಗಳ ಸಿದ್ಧತೆಯ ಕಾಲವನ್ನು 2021ರಲ್ಲಿ ಕೊಡಲಾಯಿತು.

ಇದು ಪರರ ಮಾತಷ್ಟೇ ಅಲ್ಲ. ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಬಡ ದೇಶಗಳಿಗೆ ಕೊಡುವ ಸುಲಭ ಸಾಲವನ್ನು ಭಾರತವು ಬಹುಕಾಲ ಪಡೆದು, 2014ರಲ್ಲಿ ಆ ಮೇರೆಯನ್ನು ದಾಟಿತು. ಆಗ ನಮಗೂ ಮೂರು ವರುಷಗಳ ಮಧ್ಯಕಾಲದ ನೆರವು ದೊರೆಯಿತು.

ಇಷ್ಟನ್ನು ಕಲಿಸುವ ನಾವೇ ಇದನ್ನು ತಡವಾಗಿ ಕಲಿತೆವೆಂದು ಒಪ್ಪಿಕೊಳ್ಳಬೇಕು. ಹಂಪಿಯಲ್ಲಿ ಹಣ್ಣುಕಾಯಿ ಮಾರುವವರೊಬ್ಬರ ಮಗಳಿಗೆ ನಮ್ಮಲ್ಲಿ ಫೀಯ ರಿಯಾಯಿತಿ ಇತ್ತು. 2019ರಲ್ಲಿ ತಂದೆಯ ಆದಾಯವು ನಾವು ಗೊತ್ತುಮಾಡಿದ ಮೇರೆಯನ್ನು ಸ್ವಲ್ಪವೇ ದಾಟಿತು. ನಾವು ಸಂತೋಷದಿಂದಲೇ ಅವಳ ಹೆಸರನ್ನು ಪಟ್ಟಿಯಿಂದ ತೆಗೆದೆವು. 2020ರ ಮಾರ್ಚಿಯಲ್ಲಿ ಹಂಪಿಗೆ ಯಾತ್ರಿಕರು ಬರುವದೇ ನಿಂತುಹೋಯಿತು. ಶಾಲೆ ಮರಳಿ ತೆರೆದಾಗ ಆ ಹುಡುಗಿ ಬರಲಿಲ್ಲ. ನಾವು ಮನೆಗೆ ಹೋಗುವಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಅಂದಿನಿಂದ ಮೇರೆ ದಾಟಿದ ಮನೆಯ ರಿಯಾಯಿತಿಯನ್ನು ಮೂರು ವರುಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುತ್ತೇವೆ. ಆ ನಡುವೆ ಕಷ್ಟ ಬಂದರೆ ಇಳಿಸುವದನ್ನು ನಿಲ್ಲಿಸುತ್ತೇವೆ. ಅವಳ ತಂಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ತಂದೆಯ ವ್ಯಾಪಾರವು ಮತ್ತೆ ಚೇತರಿಸಿಕೊಂಡಿದೆ. ಈ ವರುಷ ಅವಳಿಗೆ ಮುಕ್ಕಾಲು ರಿಯಾಯಿತಿ ಇದೆ.