ಕೈಗೊಂದು, ಮಾತಿಗೊಂದು: ಗಂಗೋತ್ರಿಗೆ ಬಂದ ಹೊಸ ವಿದ್ಯಾರ್ಥಿಗಳಿಗೆ

ಶುಲ್ಕದ ಚಲನ್ ಕಟ್ಟಿ, ಹಾಸ್ಟೆಲಿನ ಕೋಣೆಯಲ್ಲಿ ಟ್ರಂಕನ್ನು ಇಳಿಸಿ, ತನ್ನ ವಿಭಾಗವೆಲ್ಲಿದೆಯೆಂದು ಕಂಡವರನ್ನೆಲ್ಲ ವಿಚಾರಿಸುತ್ತ ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ ನಡೆಯುವ ಹೊಸ ವಿದ್ಯಾರ್ಥಿಗೆ, ಈ ವಿಸ್ತಾರವಾದ ಆವರಣದಲ್ಲಿ ಜರುಗುವ ಸಭೆ, ನಾಟಕ, ಪಂದ್ಯ, ಗೋಷ್ಠಿಗಳೆಲ್ಲವೂ ಮತ್ತಾರಿಗೋ ಸೇರಿದವು, ತನ್ನ ಪಾಲಿಗಿರುವುದು ತರಗತಿಯ ಒಂದು ಬೆಂಚು ಮಾತ್ರ ಎಂದು ತೋರುವುದು ಅಸಹಜವೇನಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಈ ಆವರಣಕ್ಕೆ ಹೆಸರಿಟ್ಟವರು ಉಪಕುಲಪತಿಗಳಾಗಿದ್ದ ಕುವೆಂಪು ಅವರು. ಆ ಹೆಸರಿನ ಗಾಂಭೀರ್ಯವೇ ಹಳ್ಳಿಯಿಂದ ಬಂದವರನ್ನು ಮೊದಮೊದಲು ಅಂಜಿಸುವುದೂ ಉಂಟು. ಆ ಅಂಜಿಕೆ ಕಳೆದು ಇಲ್ಲಿಯ ಜೀವನದಲ್ಲಿ ಭಾಗಿಗಳಾಗುವ ಬಗೆಯನ್ನು, ನಾನು ಎಡವಿ ಕಲಿತದ್ದನ್ನೂ ಸೇರಿಸಿ, ಕ್ರಮವಾಗಿ ಹೇಳುತ್ತೇನೆ.

ಮೊದಲ ಹದಿನೈದು ದಿನ ಯಾವ ಸಂಘಕ್ಕೂ ಹೆಸರು ಕೊಡಬೇಡಿ, ಸುಮ್ಮನೆ ತಿರುಗಾಡಿ. ವಿಭಾಗದ ಸೂಚನಾಫಲಕವನ್ನು ದಿನಕ್ಕೊಮ್ಮೆ ಓದಿ, ಗ್ರಂಥಾಲಯದಲ್ಲಿ ಯಾವ ಕಿಟಕಿಯ ಬಳಿ ಗಾಳಿ ಬರುವುದೆಂದು ಕಂಡುಕೊಂಡು, ವಿಶ್ವವಿದ್ಯಾನಿಲಯದ ಪ್ರಕಟಣ ವಿಭಾಗವಾದ ಪ್ರಸಾರಾಂಗದ ಕಪಾಟುಗಳಲ್ಲಿ ಕೈಯಾಡಿಸಿ, ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾದ ಜಯಲಕ್ಷ್ಮೀವಿಲಾಸದ ಮುಂದೆ ಒಂದಿಷ್ಟು ಹೊತ್ತು ನಿಂತು, ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತೆದ್ದು, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಹಪಾಠಿಯೊಬ್ಬರೊಡನೆ ನಡೆದು ಬಂದರೆ, ಆವರಣವು ತಾನಾಗಿಯೇ ಪರಿಚಿತವಾಗುತ್ತದೆ. ಈ ತಿರುಗಾಟದಲ್ಲಿ ವಿಭಾಗದ ಅಟೆಂಡರನ್ನು ಮಾತನಾಡಿಸುವುದನ್ನು ಮರೆಯಬಾರದು. ಯಾವ ಸಭಾಂಗಣ ಯಾವ ದಿನ ಬಿಡುವಾಗಿದೆ, ಯಾವ ಮೈಕು ಕೆಟ್ಟಿದೆ ಎಂಬಿತ್ಯಾದಿ ಸಂಗತಿಗಳು ಅಧ್ಯಾಪಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತವೆ.

ಅನಂತರ ಆಯ್ಕೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದೇ ವಾರದಲ್ಲಿ ಐದು ಸಂಘಗಳಿಗೆ ಹೆಸರು ಬರೆಸಿ, ಐದರಲ್ಲಿಯೂ ಎರಡೆರಡು ಸಭೆಗಳಿಗೆ ಹೋಗಿ, ತಿಂಗಳು ಕಳೆಯುವುದರೊಳಗೆ ಐವರು ಕಾರ್ಯದರ್ಶಿಗಳಿಂದ ತಲೆತಪ್ಪಿಸಿಕೊಂಡು ಓಡಾಡುವ ಸ್ಥಿತಿಗೆ ಬಂದಿದ್ದೆನು. ಅಂದಿನಿಂದ ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವುದು ಇಷ್ಟೇ: ಕೈಗೊಂದು ಕೆಲಸ, ಮಾತಿಗೊಂದು ಜಾಗ, ಮೊದಲ ಸೆಮಿಸ್ಟರು ಮುಗಿಯುವ ತನಕ ಮೂರನೆಯದು ಬೇಡ.

ಕೈಗೆಲಸಕ್ಕೆ ರಾಷ್ಟ್ರೀಯ ಸೇವಾ ಯೋಜನೆಗಿಂತ ಸುಲಭವಾದ ಬಾಗಿಲನ್ನು ನಾನು ಕಾಣೆ. ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಿ, ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ವರ್ಷಾರಂಭದಲ್ಲಿಯೇ ಘಟಕದ ಕಾರ್ಯಕ್ರಮಾಧಿಕಾರಿಗಳನ್ನು ಕಂಡು ಹೆಸರು ನೋಂದಾಯಿಸಿ, ಗಂಟೆಗಳ ಲೆಕ್ಕವನ್ನು ಅಂದಂದೇ ದಿನಚರಿಯಲ್ಲಿ ಬರೆದು ಸಹಿ ಪಡೆಯಬೇಕು, ಏಕೆಂದರೆ ವರ್ಷಾಂತ್ಯದಲ್ಲಿ ನೆನಪಿನಿಂದ ಬರೆದ ಲೆಕ್ಕಕ್ಕೆ ಯಾರೂ ಸಹಿ ಹಾಕಲೊಪ್ಪರು. ಪ್ರಮಾಣಪತ್ರಕ್ಕಾಗಿ ಹೋಗುವವರೂ ಇದ್ದಾರೆ, ಹೋಗಲಿ. ಆದರೆ ಶಾಲೆಯೊಂದರ ಜಗಲಿಯಲ್ಲಿ ಏಳು ರಾತ್ರಿ ಒಟ್ಟಿಗೆ ಮಲಗಿ, ಸರದಿಯಂತೆ ಸೌದೆ ಉರಿಸಿ ಅನ್ನ ಬೇಯಿಸಿ, ಚರಂಡಿ ತೋಡಿದವರ ನಡುವೆ ಹುಟ್ಟುವ ಸಲಿಗೆಯು ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿಯೂ ಹುಟ್ಟುವುದು ವಿರಳ. ಪದವಿ ಕಾಲೇಜುಗಳಲ್ಲಿರುವವರು ಎನ್.ಸಿ.ಸಿ.ಯನ್ನೂ ಆರಿಸಿಕೊಳ್ಳಬಹುದು, ಅಲ್ಲಿ ಪೆರೇಡಿಗೆ ತಪ್ಪದೆ ಹೋಗುವ ಶಿಸ್ತಿದ್ದವರಿಗಷ್ಟೇ ‘ಬಿ’, ‘ಸಿ’ ಸರ್ಟಿಫಿಕೇಟುಗಳ ಪರೀಕ್ಷೆಯ ದಾರಿ ತೆರೆಯುವುದು.

ಮಾತಿನ ಜಾಗವೆಂದರೆ ಚರ್ಚೆ, ಕಾವ್ಯವಾಚನ, ರಸಪ್ರಶ್ನೆ, ನಾಟಕ, ಯಾವುದಾದರೂ ಸರಿ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ನಡೆಸುವ ಯುವಜನೋತ್ಸವದಲ್ಲಿ ಸಂಗೀತ, ನೃತ್ಯ, ರಂಗಭೂಮಿ, ಸಾಹಿತ್ಯ, ಲಲಿತಕಲೆ ಎಂಬ ಐದು ವಿಭಾಗಗಳಿದ್ದು, ಏಕಾಂಕದಿಂದ ಮೊದಲ್ಗೊಂಡು ಮೂಕಾಭಿನಯ, ಜೇಡಿಮಣ್ಣಿನ ಶಿಲ್ಪ, ರಂಗೋಲಿಯವರೆಗೆ ಸ್ಪರ್ಧೆಗಳಿರುವುದರಿಂದ, ವೇದಿಕೆಯ ಮೇಲೆ ನಾಲಗೆ ಒಣಗುವವರಿಗೂ ಅಲ್ಲಿ ಸ್ಥಾನವಿಲ್ಲದಿಲ್ಲ. ದಸರೆಗೆ ಮುನ್ನ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮವೆಂಬ ಉತ್ಸವ ನಡೆಯುವ ಕಾಲಕ್ಕೆ ಕಾಲೇಜು ತಂಡಗಳು ಅಭ್ಯಾಸಕ್ಕಿಳಿಯುತ್ತವೆ. ಹೊಸಬರು ಆಗ ಪಾತ್ರ ಕೇಳಬಾರದು. ವೇಷಭೂಷಣದ ಪೆಟ್ಟಿಗೆ ಹೊರುವ ಕೆಲಸ ಕೇಳಬೇಕು. ಪೆಟ್ಟಿಗೆ ಹೊತ್ತವರು ಅಭ್ಯಾಸವನ್ನೆಲ್ಲ ನೋಡಿರುತ್ತಾರೆ. ಪಾತ್ರಧಾರಿಯೊಬ್ಬರಿಗೆ ಜ್ವರ ಬಂದ ದಿನ ಮಾತುಗಳು ಬಾಯಿಗೆ ಬರುವುದು ಅವರಿಗೇ.

ನಂಜನಗೂಡು, ಶ್ರೀರಂಗಪಟ್ಟಣಗಳಿಂದ ನಿತ್ಯವೂ ರೈಲು, ಬಸ್ಸುಗಳಲ್ಲಿ ಬಂದುಹೋಗುವವರು ಸಂಜೆಯ ಅಭ್ಯಾಸಗಳಿಗೆ ನಿಲ್ಲಲಾರರು. ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಕೂಡುವ ವಿಭಾಗೀಯ ಸಂಘಗಳೇ ಅನುಕೂಲ. ಹಾಜರಾತಿಯ ವಿಷಯದಲ್ಲಿ ಎಲ್ಲರೂ ಎಚ್ಚರದಿಂದಿರಬೇಕು: ಪಂದ್ಯಕ್ಕೋ ಸ್ಪರ್ಧೆಗೋ ಹೊರಡುವ ಮೊದಲೇ ‘ಓ.ಡಿ.’ (ಆನ್ ಡ್ಯೂಟಿ) ಪತ್ರಕ್ಕೆ ಸಹಿ ಮಾಡಿಸಿ, ಅದರ ಒಂದು ಪ್ರತಿಯನ್ನು ತಮ್ಮಲ್ಲಿಯೂ ಇಟ್ಟುಕೊಳ್ಳತಕ್ಕದ್ದು.

ತಮಗೆ ಬೇಕಾದ ಸಂಘವೇ ಇಲ್ಲದಿದ್ದರೆ? ಹುಟ್ಟುಹಾಕಬೇಕು. ಇದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದಲೇ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಅಷ್ಟು ದೊಡ್ಡದನ್ನು ಈಗಲೇ ನೆನೆಯಬೇಕಾಗಿಲ್ಲ. ಆಸಕ್ತರಾದ ನಾಲ್ವರು ಕೂಡಿ, ಹದಿನೈದು ದಿನಕ್ಕೊಮ್ಮೆ ಒಂದು ಕಥೆಯನ್ನೋ ಪ್ರಬಂಧವನ್ನೋ ಓದಿ ಮಾತನಾಡುವೆವೆಂದು ನಿಶ್ಚಯಿಸಿ, ಉದ್ದೇಶ, ದಿನಾಂಕ, ವೇಳೆ, ಬೇಕಾದ ಕೊಠಡಿ ಇಷ್ಟನ್ನು ಒಂದು ಪುಟದಲ್ಲಿ ಬರೆದು ವಿಭಾಗದ ಮುಖ್ಯಸ್ಥರಿಗೆ ಸಲ್ಲಿಸಿದರೆ ಸಾಕು. ಮೊದಲ ಸಭೆಗೆ ಹೊರಗಿನ ಅತಿಥಿಗಳನ್ನು ಕರೆಯಬೇಡಿ. ಹಾರ, ಶಾಲು, ವಂದನಾರ್ಪಣೆಗಳ ಗಲಾಟೆಯಲ್ಲಿ ಓದಬೇಕಾದ ಕಥೆಯೇ ಉಳಿದುಹೋಗುತ್ತದೆ. ಹತ್ತು ಜನ ಬಂದರೆ ವೃತ್ತಾಕಾರವಾಗಿ ಕುಳಿತುಕೊಳ್ಳಿ, ಇಬ್ಬರೇ ಬಂದರೂ ಸಭೆಯನ್ನು ಮುಂದೂಡಬೇಡಿ. ಚಹಾದ ಖರ್ಚನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಭೆ ಮುಗಿದ ಮೇಲೆ ಕುರ್ಚಿಗಳನ್ನು ಮೊದಲಿದ್ದಂತೆ ಜೋಡಿಸಿ, ಫ್ಯಾನು ದೀಪಗಳನ್ನು ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಅದೇ ಅಟೆಂಡರಿಗೆ ಅಂದೇ ಒಪ್ಪಿಸಿ, ಮುಂದಿನ ಸಭೆಯ ದಿನಾಂಕವನ್ನು ಅವರಿಗೂ ತಿಳಿಸಿ ಬನ್ನಿ.