ಕೈಯುಪಕರಣಗಳ ಗುಣತಾರತಮ್ಯ: ಒಂದು ವಿವೇಚನೆ

ಪದಾರ್ಥವೊಂದನ್ನು ನಿರ್ಣಯಿಸುವಲ್ಲಿ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳನ್ನು ನಮ್ಮ ನ್ಯಾಯಶಾಸ್ತ್ರಕಾರರು ಹೇಳಿರುವರು. ಮೊದಲು ವಸ್ತುವನ್ನು ಹೆಸರಿಸುವುದು, ಬಳಿಕ ಅದರ ಅಸಾಧಾರಣ ಧರ್ಮವನ್ನು ನಿರೂಪಿಸುವುದು, ಕಡೆಗೆ ಆ ಧರ್ಮವು ಅದಕ್ಕೆ ಹೊಂದುವುದೋ ಇಲ್ಲವೋ ಎಂದು ಒರೆಗೆ ಹಚ್ಚುವುದು. ಈ ಕ್ರಮವು ಗ್ಯಾರೇಜಿನ ಪಾನಾಕ್ಕೂ ಸಲ್ಲುವುದೆಂಬುದನ್ನು ನಾನು ತಡವಾಗಿ ಕಲಿತೆನು.

ಕೆಲವು ವರ್ಷಗಳ ಹಿಂದೆ ನನ್ನ ಸ್ಕೂಟರಿನ ಹಿಂದಿನ ಚಕ್ರದ ನಟ್ಟನ್ನು ಬಿಚ್ಚಲು, ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಪಾನಾವೊಂದನ್ನು ಹಾಕಿ ತಿರುಗಿಸಿದೆನು. ಪಾನಾದ ಬಾಯಿ ಅಗಲಿತು. ನಟ್ಟಿನ ಮೂಲೆಗಳು ಸವೆದು ದುಂಡಗಾದವು. ನನ್ನ ಬೆರಳಿನ ಗೆಣ್ಣು ಕಿತ್ತು ರಕ್ತ ಸುರಿಯಿತು. ಕೊನೆಗೆ ಗ್ಯಾರೇಜಿನ ಮೇಸ್ತ್ರಿಯು ಆ ನಟ್ಟನ್ನು ಉಳಿಯಿಂದ ಸೀಳಿ ತೆಗೆಯಬೇಕಾಯಿತು. “ಪಂಡಿತರೇ, ತಪ್ಪು ನಟ್ಟಿನದಲ್ಲ, ಪಾನಾದ್ದು” ಎಂದು ಆತ ನಕ್ಕನು. ಶಬ್ದದ ಗುಣದೋಷಗಳನ್ನು ತೂಗುತ್ತ ಆಯುಷ್ಯ ಕಳೆದವನಿಗೆ ಕಬ್ಬಿಣದ ಗುಣದೋಷ ತಿಳಿಯದೆ ಹೋಯಿತಲ್ಲ ಎಂದು ಅಂದು ನಾಚಿದೆನು.

ನಮ್ಮ ವಿದ್ಯಾರ್ಥಿಗಳಲ್ಲಿ ಐ.ಟಿ.ಐ. ಸೇರಿ ಯಂತ್ರಕರ್ಮವನ್ನೇ ಜೀವನೋಪಾಯವಾಗಿ ಹಿಡಿಯುವವರುಂಟು. ಮೊದಲ ಸಂಬಳದ ಹಣದಲ್ಲಿ ಅವರು ಕೊಳ್ಳುವ ಪಾನಾ ಸೆಟ್ಟು ಹಲವು ವರ್ಷ ಅವರ ಅನ್ನದ ಸಾಧನವಾಗಿರುವುದು. ಅಂಥವರಿಗಾಗಿ ಈ ವಿವೇಚನೆ.

ಉದ್ದೇಶ

ಹೆಸರುಗಳಿಂದ ಆರಂಭಿಸೋಣ. ಪ್ರಸಿದ್ಧ ಮುದ್ರೆಗಳ ನಿರುಕ್ತವೂ ಸ್ವಾರಸ್ಯವುಳ್ಳದ್ದು. ಜರ್ಮನಿಯ ರೆಮ್‌ಶೈಡ್ ನಗರದಲ್ಲಿ 1868ರಲ್ಲಿ ಹರ್ಮನ್ ಜೆರ್ವರ್ ಎಂಬವನು ಸ್ಥಾಪಿಸಿದ ಸಂಸ್ಥೆಗೆ ಆತನ ಹೆಸರಿನ ಎರಡು ಮೊದಲಕ್ಷರಗಳ ಉಚ್ಚಾರವೇ ‘ಹಾಜೆಟ್’ ಎಂಬ ನಾಮವಾಯಿತು. ಅದೇ ನಗರದಲ್ಲಿ 1919ರಲ್ಲಿ ಹುಟ್ಟಿದ ‘ಗೆಡೋರೆ’ಯು ‘ಗೆಬ್ರೂಡರ್ ಡೋವಿಡಾಟ್, ರೆಮ್‌ಶೈಡ್’, ಅಂದರೆ ರೆಮ್‌ಶೈಡಿನ ಡೋವಿಡಾಟ್ ಸಹೋದರರು, ಎಂಬುದರ ಸಂಕ್ಷೇಪ. ಅಮೆರಿಕದ ‘ಸ್ನ್ಯಾಪ್-ಆನ್’ 1920ರಲ್ಲಿ ಜನಿಸಿತು. ಜೋಸೆಫ್ ಜಾನ್ಸನ್ ಎಂಬವನು ಐದು ಹಿಡಿಗಳಿಗೆ ಹತ್ತು ಸಾಕೆಟ್ಟುಗಳನ್ನು ಬೇಕಾದಂತೆ ತೊಡಿಸಿ ಕಳಚುವ ಏರ್ಪಾಡು ಮಾಡಿದನು. ಹಾಗೆ ‘ಚಟಕ್ಕನೆ ಕೂಡುವ’ ಗುಣದಿಂದಲೇ ಆ ಹೆಸರು ಬಂದಿತು. ಅಂದಿನ ಹಲವು ಸಾಕೆಟ್ಟು ಪಾನಾಗಳಲ್ಲಿ ಪ್ರತಿಯೊಂದು ಅಳತೆಗೂ ಬೇರೆ ಹಿಡಿ ಇರುತ್ತಿದ್ದಿತು. ನಮ್ಮ ದೇಶದ ‘ತಪಾರಿಯಾ’ 1969ರಲ್ಲಿ ಸ್ವೀಡನ್ನಿನ ತಾಂತ್ರಿಕ ಸಹಯೋಗದೊಡನೆ ಕೈಯುಪಕರಣಗಳ ತಯಾರಿಕೆಯನ್ನು ಆರಂಭಿಸಿತು.

ಲಕ್ಷಣ

ಒಳ್ಳೆಯ ಪಾನಾದ ಲಕ್ಷಣವೇನು? ಹೊಳಪೆಂದರೆ ಅದು ಅತಿವ್ಯಾಪ್ತಿ. ಕಳಪೆ ಪಾನಾಕ್ಕೂ ಕ್ರೋಮ್ ಲೇಪವುಂಟು. ಬೆಲೆಯೆಂದರೆ ಅದು ಅವ್ಯಾಪ್ತಿ. ಮಿತವಾದ ಬೆಲೆಯ ಉತ್ತಮ ಪಾನಾಗಳೂ ಉಂಟು. ಆದುದರಿಂದ ಮೂರು ಧರ್ಮಗಳನ್ನು ಹೇಳಬೇಕಾಗುವುದು.

ಮೊದಲನೆಯದು ಲೋಹ ಮತ್ತು ಅದರ ಪಾಕ. ಪಾನಾದ ಮೇಲೆ ‘ಕ್ರೋಮ್ ವನೇಡಿಯಂ’ ಎಂದು ಕೆತ್ತಿದ ಮಾತ್ರಕ್ಕೆ ಗುಣ ಸಿದ್ಧಿಸದು. ಉಕ್ಕನ್ನು ಕೆಂಪಗೆ ಕಾಯಿಸಿ ಅಚ್ಚಿನಲ್ಲಿ ಬಡಿದು ರೂಪಿಸಿದ ಮೇಲೆ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡುವರು. ಬಳಿಕ ಹದವಾಗಿ ಬಿಸಿಮಾಡಿ ಆ ಗಡುಸನ್ನು ಸ್ವಲ್ಪ ಇಳಿಸುವರು. ಗಡುಸು ಹೆಚ್ಚಾದರೆ ಪಾನಾ ತುಂಡಾಗುವುದು, ಕಡಿಮೆಯಾದರೆ ಬಾಯಿ ಅಗಲುವುದು. ಒಂದೇ ಅಕ್ಕಿಯಿಂದ ಒಬ್ಬರ ಮನೆಯಲ್ಲಿ ಅನ್ನ, ಇನ್ನೊಬ್ಬರ ಮನೆಯಲ್ಲಿ ಮುದ್ದೆಯಾಗುವುದಿಲ್ಲವೆ?

ಎರಡನೆಯದು ಅಳತೆಯ ನಿಖರತೆ. 8 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 13ರ ಪಾನಾ ಬೇಕು. ಅರ್ಧ ಇಂಚೆಂದರೆ 12.7 ಮಿಲಿಮೀಟರು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ 0.3 ಮಿಲಿಮೀಟರು ಸಡಿಲ ಹೆಚ್ಚುವುದು. ಆ ಕೂದಲೆಳೆಯಷ್ಟು ಸಡಿಲದಲ್ಲಿಯೇ ಮೂಲೆಗಳು ಸವೆಯುವುವು. ಬಾಯಿಯನ್ನು ಒರಟಾಗಿ ಕೊರೆದ ಕಳಪೆ ಪಾನಾ ಸರಿಯಾದ ನಟ್ಟಿನ ಮೇಲೂ ಇದೇ ಕೇಡನ್ನು ಮಾಡುವುದು.

ಮೂರನೆಯದು ಆಕಾರ. ತೆರೆದ ಬಾಯಿಯ ಪಾನಾದ ತಲೆಯು 15 ಡಿಗ್ರಿ ಓರೆಯಾಗಿರುವುದನ್ನು ಕಂಡಿರಬಹುದು. ಮಗುಚಿ ಮಗುಚಿ ಹಾಕಿದರೆ 30 ಡಿಗ್ರಿಯಷ್ಟೇ ಜಾಗವಿರುವ ಇಕ್ಕಟ್ಟಿನಲ್ಲಿಯೂ ನಟ್ಟನ್ನು ತಿರುಗಿಸಬಹುದು. ಓರೆಯಿಲ್ಲದಿದ್ದರೆ 60 ಡಿಗ್ರಿ ಬೇಕು. ಸ್ನ್ಯಾಪ್-ಆನ್ ಸಂಸ್ಥೆಯು 1960ರ ದಶಕದಲ್ಲಿ ಸಾಕೆಟ್ಟಿನ ಒಳಮೈಯನ್ನು ಹೊಸತಾಗಿ ರೂಪಿಸಿ, ಒತ್ತಡವು ನಟ್ಟಿನ ಮೂಲೆಗೆ ಬೀಳದೆ ಪಕ್ಕಗಳ ಮೇಲೆ ಬೀಳುವಂತೆ ಮಾಡಿತು.

ಪರೀಕ್ಷೆ

ಈಗ ತಾರತಮ್ಯ. ತೆಳುವಾದ ತಲೆ, ನುಣುಪಾದ ಹಿಡಿ, ಇಕ್ಕಟ್ಟಿನಲ್ಲಿ ನುಸುಳುವ ಚಾತುರ್ಯ ಇವುಗಳಲ್ಲಿ ಅಮೆರಿಕದ ಮತ್ತು ಜರ್ಮನಿಯ ಮುದ್ರೆಗಳು ಮುಂದು. ಆದರೆ ಅವುಗಳ ಬೆಲೆಯೆಲ್ಲವೂ ಉಕ್ಕಿನ ಬೆಲೆಯಲ್ಲ. ಸ್ನ್ಯಾಪ್-ಆನ್ ಮಾರಾಟಗಾರನು ವಾಹನದಲ್ಲಿ ಗ್ಯಾರೇಜಿನ ಬಾಗಿಲಿಗೇ ಬರುವನು. ಮುರಿದುದನ್ನು ಅಲ್ಲಿಯೇ ಬದಲಿಸಿಕೊಡುವನು. ಕಂತಿನಲ್ಲಿ ಹಣ ಪಡೆಯುವನು. ಆ ಸೇವೆಯ ಮೌಲ್ಯವೂ ಬೆಲೆಯಲ್ಲಿ ಸೇರಿರುವುದು. ವಾಹನ ಬಾರದ ಊರಿನವನಿಗೆ ಆ ಪಾಲಿನಿಂದ ಪ್ರಯೋಜನವಿಲ್ಲ. ತಪಾರಿಯಾದಂಥ ದೇಶೀಯ ಪಾನಾಗಳು ನಯದಲ್ಲಿ ಹಿಂದಾದರೂ ನಿತ್ಯದ ಗ್ಯಾರೇಜು ಕೆಲಸಕ್ಕೆ ಸಾಲುವುವು. ಒಂದು ಕಳೆದರೆ ಅದೊಂದನ್ನೇ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳಬಹುದು. ಹೊಸಬನಿಗೆ ಇದೇ ಮಧ್ಯಮಮಾರ್ಗವೆಂದು ನನ್ನ ಮತ.

ಎಲ್ಲವನ್ನೂ ಒಂದೇ ಮುದ್ರೆಯಲ್ಲಿ ಕೊಳ್ಳಬೇಕೆಂಬ ನಿಯಮವಿಲ್ಲ. ದಿನವೂ ಕೈಗೆ ಬರುವ 10, 13, 17ರ ಪಾನಾಗಳನ್ನೂ ರ‍್ಯಾಚೆಟ್ಟನ್ನೂ ಉತ್ತಮದಲ್ಲಿ ಕೊಳ್ಳಿರಿ. ಅಪರೂಪಕ್ಕೆ ಬೇಕಾದುದನ್ನು ಮಧ್ಯಮದಲ್ಲಿ ಕೊಳ್ಳಿರಿ. ರ‍್ಯಾಚೆಟ್ಟಿನ ಹಲ್ಲುಗಳನ್ನು ವಿಚಾರಿಸಿರಿ: 36 ಹಲ್ಲಿನದಕ್ಕೆ ಮುಂದಿನ ಹಲ್ಲು ಹಿಡಿಯಲು 10 ಡಿಗ್ರಿ ಜಾಗ ಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಬಿಗಿದ ನಟ್ಟಿಗೆ ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದು ಲೇಸು. ಗಾಳಿಯಂತ್ರದ ಹೊಡೆತಕ್ಕೆ ಅದಕ್ಕೆಂದೇ ಮಾಡಿದ ಕಪ್ಪು ಸಾಕೆಟ್ಟುಗಳನ್ನೇ ಬಳಸಿರಿ. ಕ್ರೋಮ್ ಲೇಪದ ಕೈಸಾಕೆಟ್ಟು ಸಿಡಿದು ಕಣ್ಣಿಗೆ ಬಿದ್ದೀತು. ಅಂಗಡಿಗೆ ಹೋಗುವಾಗ ಹೊಸ ಬೋಲ್ಟೊಂದನ್ನು ಕಿಸೆಯಲ್ಲಿ ಒಯ್ದು, ಪಾನಾ ಹಾಕಿ ಅಲುಗಿಸಿ ನೋಡಿರಿ. ಹಲವು ಪಾನಾಗಳಲ್ಲಿ ಕಡಿಮೆ ಅಲುಗುವುದನ್ನು ಆರಿಸಿರಿ.

ಉತ್ತಮ ಪಾನಾವನ್ನೂ ಕೆಡಿಸುವ ಅಭ್ಯಾಸವೊಂದುಂಟು: ಹಿಡಿಗೆ ಪೈಪು ತೂರಿಸಿ ಉದ್ದ ಮಾಡುವುದು. ಹಿಡಿಯ ಉದ್ದವನ್ನು ಬಾಯಿಯ ಅಳತೆಗೆ ಹೊಂದುವಂತೆಯೇ ನಿಗದಿಪಡಿಸಿರುವರು. ಉದ್ದ ಇಮ್ಮಡಿಯಾದರೆ ಅದೇ ಕೈಬಲಕ್ಕೆ ತಿರುಚುಬಲವೂ ಇಮ್ಮಡಿಯಾಗುವುದು. ಆಗ ಬೋಲ್ಟು ಮುರಿದರೆ ಪಾನಾ ಮಾಡಿದವನನ್ನು ದೂರಿ ಫಲವಿಲ್ಲ.

ನನ್ನ ಬೆರಳಿನ ಕಲೆ ಇನ್ನೂ ಮಾಸಿಲ್ಲ. ಆ ಅಗಲಿದ ಪಾನಾವನ್ನು ಎಸೆಯದೆ ಮೇಜಿನ ಮೇಲೆ ಕಾಗದದ ಭಾರವಾಗಿ ಇರಿಸಿಕೊಂಡಿರುವೆನು. ಲಕ್ಷಣ ಹೇಳಿ ಪರೀಕ್ಷೆ ಮರೆಯಬೇಡವೆಂದು ಅದು ನನಗೆ ನಿತ್ಯವೂ ನೆನಪಿಸುತ್ತಿರುವುದು.