ಬದುವಿನ ಮಿಂಚುಹುಳ

ಮಳೆಗಾಲದ ರಾತ್ರಿ ಬದುವಿನ ಹುಲ್ಲಲ್ಲಿ ರೆಕ್ಕೆಯಿಲ್ಲದ ಕಪ್ಪು ಹುಳವೊಂದು ಮಿಣುಕುತ್ತಾ ಹರಿದಾಡುತ್ತೆ. ಅದು ಮಿಂಚುಹುಳದ ಮರಿ. ಬೆಳೆ ತಿನ್ನೋ ಹುಳ ಅಂತ ನಾನು ಎಷ್ಟೋ ವರ್ಷ ಹೊಸಕಿ ಹಾಕಿದೆ. ಅದರ ಊಟ ನಮ್ಮ ಎಳೆ ಅವರೆ ಸಸಿ ಬೋಳಿಸೋ ಬಸವನಹುಳ! ಕಚ್ಚಿ ವಿಷ ಬಿಟ್ಟು, ಮಾಂಸ ಕರಗಿದ ಮೇಲೆ ಹೀರುತ್ತೆ.

ತಿಂಗಳುಗಟ್ಟಲೆ ಮರಿಯಾಗೇ ಇರುತ್ತೆ. ರೆಕ್ಕೆ ಬಂದ ಮೇಲೆ ಬದುಕೋದು ಕೆಲವೇ ವಾರ. ಆಗಿನ ಬೆಳಕು ಗಂಡು ಹೆಣ್ಣಿನ ಸನ್ನೆ. ಹೊಟ್ಟೆಯಲ್ಲಿರುವ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜತೆ ಸೇರಿ ಹುಟ್ಟುವ ಬೆಳಕು ಅದು, ಮುಟ್ಟಿದರೆ ಬಿಸಿಯಿಲ್ಲ.

ಬದುವಿಗೆ ಬೆಂಕಿಯಿಟ್ಟರೆ, ವಿಷ ಹೊಡೆದರೆ ಮರಿ ಸಾಯುತ್ತವೆ. ರಾತ್ರಿಯಿಡೀ ಬಲ್ಬು ಉರಿದರೆ ಸನ್ನೆ ಕಾಣದೆ ಜೋಡಿ ಕೂಡೋದು ಕಷ್ಟ. ನಾನೀಗ ಬದುವಿನ ಹುಲ್ಲು ಸುಡದೆ, ಕೊಯ್ದು ದನಕ್ಕೆ ಹಾಕುತ್ತೇನೆ.